ನಾರ್ಮನ್ನರು ಎರಡನೇ ಬಾಗಿಲಿನಿಂದ ಹತ್ತಿದರು

ನನ್ನ ತಂಗಿಯ ಮಗಳಿಗೆ ಈಚೆಗೆ ಒಂದು ಕೋಚಿಂಗ್ ಕ್ಲಾಸಿನಲ್ಲಿ ಕೆಲಸ ಸಿಕ್ಕಿದೆ. ಮೊನ್ನೆ ಸಾನಪಾಡಾದ ನಮ್ಮ ಮನೆಗೆ ಪೇಢೆ ತಂದವಳು, "ಮಾವಶಿ, ಇಷ್ಟು ವರ್ಷ ಒಂದೇ ಪೇಪರ್ ಕಲಿಸಿ ನಿನಗೆ ಕಂಟಾಳಾ ಬರ್ಲಿಲ್ಲ?" ಎಂದು ಕೇಳಿದಳು. ಬೇಸರ ಬರಲು ಪುರುಸೊತ್ತು ಬೇಕಲ್ಲ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಒಂದೇ ಸಾಲಿನಲ್ಲಿ ಮುಗಿಯುತ್ತದೆ: ಮೊದಲು ನನಗೆ ಸ್ಟೂಲು ಕೊಟ್ಟಿದ್ದರು, ಆಮೇಲೆ ಕುರ್ಚಿ ಕೊಟ್ಟರು.

ಎಪ್ಪತ್ತರ ದಶಕದ ಕೊನೆಯ ಮಾತು. ಗಂಡನಿಗೆ ಶಹಾಡಿನ ಕಾರ್ಖಾನೆಯಲ್ಲಿ ನೌಕರಿ, ಮನೆ ಕಲ್ಯಾಣದಲ್ಲಿ. ಧಾರವಾಡದಿಂದ ಇಂಗ್ಲಿಷ್ ಎಂ.ಎ. ಹೊತ್ತು ತಂದಿದ್ದ ನಾನು ಥಾಣೆ ಸ್ಟೇಶನ್ನಿನ ಹತ್ತಿರ ಪ್ರಧಾನ ಸರ್ ಎಂಬುವರ ಕ್ಲಾಸಿಗೆ ಸೇರಿದೆ. ಕಾಲೇಜಿಗೆ ಹೋಗದೆ ಮನೆಯಲ್ಲೇ ಓದಿ ಬಿ.ಎ. ಪರೀಕ್ಷೆಗೆ ಕೂರುವವರಿಗೆ ಅಲ್ಲಿ ಬೆಳಗಿನ ಪಾಠ. ಕ್ಲಾಸು ಒಂದು ಬೇಕರಿಯ ಮೇಲಿನ ಮಾಳಿಗೆಯಲ್ಲಿತ್ತು. ಏಳು ಗಂಟೆಗೆ ಪಾವಿನ ವಾಸನೆ, ಎಂಟಕ್ಕೆ ನಾನ್‌ಖಟಾಯಿಯದು. ಎಂಟರ ನಂತರ ಹೇಳಿದ ಪಾಠ ಯಾರ ತಲೆಗೂ ಹೋದದ್ದಿಲ್ಲ, ನನ್ನ ತಲೆಗೂ.

ಮೊದಲ ದಿನವೇ ಸರ್ ಕಪಾಟು ತೆರೆದು ಯಾರಿಗೂ ಬೇಡವಾದ ಪೇಪರನ್ನು ನನ್ನ ಕೈಗಿಟ್ಟರು. ಇಂಗ್ಲಿಷ್ ಭಾಷೆಯ ಇತಿಹಾಸ. ಆ ಭಾಷೆ ಎಲ್ಲಿ ಹುಟ್ಟಿತು, ಯಾರ್ಯಾರ ಕೈಯಲ್ಲಿ ಪೆಟ್ಟು ತಿಂದಿತು, ಹೇಗೆ ಹೇಗೆ ಬದಲಾಯಿತು ಎಂಬ ಕಥೆ. ಇದನ್ನು ನನಗಿಂತ ಮುಂಚೆ ಕಲಿಸಿದವರಲ್ಲಿ ಒಬ್ಬರು ಬ್ಯಾಂಕಿಗೆ ಹೋದರಂತೆ, ಇನ್ನೊಬ್ಬರು ಆಶ್ರಮಕ್ಕೆ. ಮೂರನೆಯವರ ವಿಷಯ ಯಾರೂ ಮಾತಾಡುತ್ತಿರಲಿಲ್ಲ.

ಕಲಿಸಲು ಕಷ್ಟವಿಲ್ಲ, ನೋಟ್ಸ್ ಇದೆ ಎಂದರು ಸರ್. ಅದು ಅವರೇ ಬರೆದು ಸೈಕ್ಲೋಸ್ಟೈಲ್ ಮಾಡಿಸಿದ್ದ ನೋಟ್ಸ್. ಪಿನ್ ಹೊಡೆಯುವಾಗ ಹನ್ನೊಂದನೇ ಪುಟ ಹನ್ನೆರಡರ ಹಿಂದೆ ಹೋಗಿತ್ತು. ಹಾಗಾಗಿ ನಮ್ಮ ಕ್ಲಾಸಿನ ಹುಡುಗರು ವರ್ಷಗಳಿಂದ, ಇಂಗ್ಲೆಂಡಿಗೆ ಮೊದಲು ಫ್ರೆಂಚ್ ಮಾತಾಡುವ ನಾರ್ಮನ್ನರು ಬಂದರು, ಆಮೇಲೆ ಅವರಿಗೆ ಬುದ್ಧಿ ಕಲಿಸಲು ಸ್ಯಾಕ್ಸನ್ನರು ಬಂದರು ಎಂದು ಬರೆಯುತ್ತಿದ್ದರು. ಐದಾರು ನೂರು ವರ್ಷಗಳ ಹಿಂದುಮುಂದು. ಪಾಸೂ ಆಗುತ್ತಿದ್ದರು. ನಾನು ತೋರಿಸಿದಾಗ ಸರ್ ಕನ್ನಡಕ ಏರಿಸಿ, "ಬಾಯಿ, ಸಮಜೂನ್ ಘೇವೂ ನಕಾ. ಪಾಠ ಕರಾ," ಎಂದರು. ತಿಳಿದುಕೊಳ್ಳಲು ಹೋಗಬೇಡಿ, ಬಾಯಿಪಾಠ ಮಾಡಿ ಎಂದು ಅರ್ಥ. ಅದು ಆ ಕ್ಲಾಸಿನ ಧ್ಯೇಯವಾಕ್ಯ ಎನ್ನಬಹುದು.

ನನ್ನ ಮೊದಲ ಪಾಠ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಆಂಗಲರು, ಸ್ಯಾಕ್ಸನ್ನರು, ಜೂಟರು ಎಂಬ ಮೂರು ಬುಡಕಟ್ಟುಗಳು ಜರ್ಮನಿಯ ಕಡೆಯ ಕರಾವಳಿಯಿಂದ ದೋಣಿ ಹತ್ತಿ ಬಂದ ಕಥೆಯನ್ನು ಒಂದು ಗಂಟೆ ಹೇಳಿದೆ. ಕೊನೆಗೆ ಒಬ್ಬಳು ಕೈಯೆತ್ತಿ, ಮೂವರಲ್ಲಿ ಪರೀಕ್ಷೆಗೆ ಯಾರು ಬರ್ತಾರೆ ಎಂದು ಕೇಳಿದಳು. ಗೊತ್ತಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಿದೆ. ಮರುದಿನ ಅರ್ಧಕ್ಕರ್ಧ ಜನ ಜೂಟರನ್ನು ಬಿಟ್ಟುಬಿಟ್ಟಿದ್ದರು.

ಆ ಅರ್ಧದಲ್ಲಿ ವಾಸಂತಿ ಇರಲಿಲ್ಲ. ವಾಸಂತಿ ಶೆಟ್ಟಿ ಉಡುಪಿ ಕಡೆಯ ಹುಡುಗಿ. ಗಂಡ ಕಲ್ಯಾಣದ ಒಂದು ಹೋಟೆಲಿನ ಮ್ಯಾನೇಜರು. ಅವಳು ಡೊಂಬಿವಲಿಯ ಕನ್ನಡ ಶಾಲೆಯೊಂದರಲ್ಲಿ ಮಧ್ಯಾಹ್ನದ ಪಾಳಿಯ ತಾತ್ಕಾಲಿಕ ಶಿಕ್ಷಕಿ. ಮಕ್ಕಳಿಗೆ ಅವಳೆಂದರೆ ಪ್ರಾಣ, ಅವಳಿಗೂ ಅಷ್ಟೇ. ಆದರೆ ಈ ವರ್ಷ ಬಿ.ಎ. ಆಗದಿದ್ದರೆ ಜಾಗ ಬಿಡಬೇಕೆಂದು ಶಾಲೆಯವರು ಹೇಳಿಬಿಟ್ಟಿದ್ದರು. ಆಡಳಿತ ಮಂಡಳಿಯ ಒಬ್ಬರ ನಾದಿನಿ ಸರ್ಟಿಫಿಕೇಟು ಹಿಡಿದು ಕಾಯುತ್ತಿದ್ದಳು. ಉಳಿದೆಲ್ಲ ಪೇಪರು ಪಾಸಾಗಿದ್ದ ವಾಸಂತಿ ಇದೊಂದರಲ್ಲಿ ಎರಡು ಸಲ ಕೂತು ಎರಡು ಸಲವೂ ಬಿದ್ದಿದ್ದಳು.

"ಎಂತ ಮಾಡುದು ಟೀಚರ್, ಓದುವಾಗ ಎಲ್ಲ ಬರ್ತದೆ. ಪುಸ್ತಕ ಮುಚ್ಚಿದ ಕೂಡ್ಲೆ ಸ್ಯಾಕ್ಸನ್ ಯಾರು, ನಾರ್ಮನ್ ಯಾರು, ಎಲ್ಲ ಸಾಂಬಾರಾಗ್ತದೆ," ಎನ್ನುತ್ತಿದ್ದಳು.

ನಾವಿಬ್ಬರೂ ಕಲ್ಯಾಣದಿಂದ ಥಾಣೆಗೆ ಒಂದೇ ಗಾಡಿಯ ಲೇಡೀಸ್ ಡಬ್ಬಿಯಲ್ಲಿ ಹೋಗುತ್ತಿದ್ದೆವು. ಕರ್ಜತ್‌ನಿಂದ ಬರುವ ಫಾಸ್ಟ್ ಲೋಕಲ್ ಅದು. ಬದಲಾಪುರ, ಅಂಬರನಾಥದ ಹೆಂಗಸರು ಮೊದಲೇ ಸೀಟು ಹಿಡಿದು ಕಾಲು ಚಾಚಿರುತ್ತಿದ್ದರು. ಕಲ್ಯಾಣದಲ್ಲಿ ನಾವು ಗುಂಪಾಗಿ ನುಗ್ಗಿ ಅವರನ್ನು ಮೂಲೆಗೆ ಒತ್ತುತ್ತಿದ್ದೆವು. ಡೊಂಬಿವಲಿಯವರದು ಬೇರೆಯೇ ಜಾತಕ. ಗಾಡಿ ನಿಲ್ಲುವವರೆಗೆ ಕಾಯುವುದು ಅವರಿಗೆ ಅವಮಾನ.

ಒಂದು ಬೆಳಿಗ್ಗೆ ಡೊಂಬಿವಲಿಯ ಸಾಠೆ ಬಾಯಿ ಓಡುವ ಗಾಡಿಗೆ ಹಾರಿ, ಮೂವರ ಬೆಂಚಿನಲ್ಲಿ ನಾಲ್ಕನೆಯವರಾಗಿ ಕೂರಲು ಬಂದರು. ಬ್ಯಾಂಕಿನಲ್ಲಿ ಕ್ಲಾರ್ಕಾಗಿದ್ದ ಸಾಠೆ ಬಾಯಿಗೆ ಒಳ್ಳೆ ಕಂಠ. ಕಲ್ಯಾಣದವಳೊಬ್ಬಳು ಸರಿಯಲಿಲ್ಲ. "ಗಾಡಿ ತುಮಚ್ಯಾ ಬಾಪಾಚೀ ಆಹೇ ಕಾ?", ಗಾಡಿ ನಿಮ್ಮಪ್ಪನದಾ, ಎಂದು ಶುರುವಾದದ್ದು ಅಜ್ಜ, ಮುತ್ತಜ್ಜಂದಿರವರೆಗೆ ಹೋಯಿತು. ಐದು ನಿಮಿಷದಲ್ಲಿ ಸಾಠೆ ಬಾಯಿಗೆ ನಾಲ್ಕನೇ ಸೀಟು ಸಿಕ್ಕಿತ್ತು. ಹತ್ತು ನಿಮಿಷದಲ್ಲಿ ಅದೇ ಇಬ್ಬರು ಒಬ್ಬರ ಬೆಳ್ಳುಳ್ಳಿ ಚಟ್ನಿಯನ್ನು ಇನ್ನೊಬ್ಬರ ಚಪಾತಿಗೆ ಹಚ್ಚಿಕೊಂಡು, ಎಷ್ಟು ಮೆಣಸಿನಕಾಯಿ ಹಾಕಿದಿರಿ ಎಂದು ಕೇಳುತ್ತಿದ್ದರು.

ನನಗೆ ಏನೋ ಹೊಳೆಯಿತು. "ವಾಸಂತಿ, ಮುಂಜಾನಿಂದ ಈ ಡಬ್ಬಿದಾಗ ಏನೇನಾತು ಹೇಳು ನೋಡೋಣ," ಎಂದೆ.

"ಎಂತ ಆಗ್ಲಿಕ್ಕೆ ಉಂಟು ಟೀಚರ್? ದಿನದ ಜಗಳ."

"ಜಗಳ ಅಲ್ಲ ಇದು, ನಿನ್ನ ಪೇಪರು. ಅಂಬರನಾಥದಿಂದ ಕೂತು ಬಂದವರು ಕೆಲ್ಟರು. ದೇಶ ಅವರದಽ. ಕಲ್ಯಾಣದಾಗ ಹತ್ತಿ ಅವರನ್ನ ಮೂಲಿಗೆ ಒತ್ತಿದವರು ಆಂಗಲರು, ಸ್ಯಾಕ್ಸನ್ನರು, ಜೂಟರು. ಅಂದ್ರ ನಾವು. ಡೊಂಬಿವಲಿದಾಗ ಗಾಡಿ ನಿಲ್ಲೂಕ್ಕಿಂತ ಮೊದಲ ಜಿಗಿದು ಬಂದವರು ವೈಕಿಂಗರು. ಮೊದಲ ಬಡಿದಾಡಿದ್ರು, ಆಮ್ಯಾಲೆ ಡಬ್ಬಿ ಬಿಚ್ಚಿ ಹಂಚಿಕೊಂಡ್ರು. ಎಗ್ ಅನ್ನೋ ಶಬ್ದ ವೈಕಿಂಗರ ಡಬ್ಬಿದು. ನೈಫ್ ಅವರದು. ಸ್ಕೈ ಅವರದು."

ವಾಸಂತಿ ಸಾಠೆ ಬಾಯಿಯನ್ನೂ ಚಟ್ನಿಯನ್ನೂ ಬಹಳ ಹೊತ್ತು ನೋಡಿದಳು. "ಇದನ್ನು ಮೊದ್ಲೇ ಹೇಳ್ಬಹುದಿತ್ತಲ್ಲ ಟೀಚರ್. ನಾನು ಎರಡು ಸಲ ಸುಮ್ಮನೆ ಫೇಲಾದೆ."

ಅಂದಿನಿಂದ ನಮ್ಮ ಪಾಠ ಗಾಡಿಗೆ ಬಂತು. ಕಲ್ಯಾಣದಿಂದ ಬರುತ್ತಿದ್ದ ಇನ್ನೂ ಮೂವರು ವಿದ್ಯಾರ್ಥಿನಿಯರು ಸೇರಿಕೊಂಡರು. ಪರೀಕ್ಷೆಯ ಗೊಡವೆಯೇ ಇಲ್ಲದ ಹೆಂಗಸರೂ ಕಿವಿಕೊಡತೊಡಗಿದರು. ಎರಡು ದಿನ ರಜೆ ಹಾಕಿ ಬಂದ ಒಬ್ಬ ನರ್ಸು, ನಡುವೆ ಫ್ರೆಂಚರು ಬಂದುಹೋದರಾ ಎಂದು ವಿಚಾರಿಸಿದಳು.

ತಕರಾರು ಬಂದದ್ದು ಸಾಠೆ ಬಾಯಿಯಿಂದ. ತಮ್ಮೂರಿನವರನ್ನು ಕಡಲ್ಗಳ್ಳರಿಗೆ ಹೋಲಿಸಿದ್ದು ಅವರಿಗೆ ವಾಸಂತಿಯ ಬಾಯಿಂದ ತಿಳಿಯಿತು. ಡೊಂಬಿವಲಿ ವಿದ್ಯಾವಂತರ ಊರು, ಬೇಕಾದರೆ ನಮ್ಮನ್ನು ಲ್ಯಾಟಿನ್ ಮಾಡಿ ಎಂದು ಹಟ ಹಿಡಿದರು. ನಾನು ಒಂದು ರಾತ್ರಿ ಯೋಚಿಸಿ ರಾಜಿಸೂತ್ರ ತಂದೆ. ನಾರ್ಮನ್ನರೂ ಮೂಲದಲ್ಲಿ ವೈಕಿಂಗರೇ. ಫ್ರಾನ್ಸಿನಲ್ಲಿ ನೆಲೆಸಿ, ಫ್ರೆಂಚ್ ಕಲಿತು, ನಯನಾಜೂಕು ರೂಢಿಸಿಕೊಂಡು 1066ರಲ್ಲಿ ಇಂಗ್ಲೆಂಡಿಗೆ ಬಂದವರು. ಅಂದರೆ ಅವರೂ ಡೊಂಬಿವಲಿಯವರೇ, ಆದರೆ ಎರಡನೇ ಬಾಗಿಲಿನಿಂದ, ಪೌಡರು ಹಚ್ಚಿಕೊಂಡು ಹತ್ತಿದವರು. ಹತ್ತಿದವರೇ ಕಿಟಕಿ ಪಕ್ಕದ ಸೀಟುಗಳನ್ನೆಲ್ಲ ಹಿಡಿದರು. ಸಾಠೆ ಬಾಯಿಗೆ ಇದು ಎಷ್ಟು ಹಿಡಿಸಿತೆಂದರೆ ಮರುದಿನದಿಂದ ಅವರು ಎರಡನೇ ಬಾಗಿಲಿನಿಂದಲೇ ಹತ್ತತೊಡಗಿದರು. ಹತ್ತುವ ರೀತಿ ಮಾತ್ರ ವೈಕಿಂಗರದೇ.

ಇನ್ನೊಂದು ದಿನ, ಹಸ್ಬೆಂಡ್ ಎಂಬ ಶಬ್ದವೂ ವೈಕಿಂಗರದು, ವೈಫ್ ಮಾತ್ರ ಸ್ಯಾಕ್ಸನ್ನರದು ಎಂದು ಬಾಯಿತಪ್ಪಿ ಹೇಳಿಬಿಟ್ಟೆ. ಹೆಂಡತಿ ಕಲ್ಯಾಣದಿಂದಲೇ ಸೀಟು ಹಿಡಿದು ಕೂತವಳು, ಗಂಡ ಡೊಂಬಿವಲಿಯಲ್ಲಿ ಹತ್ತಿದವನು ಎಂದು ಡಬ್ಬಿಗೆ ಡಬ್ಬಿಯೇ ನಕ್ಕಿತು. ಸಂಜೆ ಮನೆಗೆ ಹೋಗಿ ಗಂಡನಿಗೆ ಹೇಳಿದರೆ, ಅವರು ಕಾರ್ಖಾನೆಯ ಜೆನರಲ್ ಶಿಫ್ಟಿನ ದಣಿವಿನಲ್ಲಿ, "ಹತ್ತಿದವಗ ಸೀಟರೆ ಸಿಕ್ತೋ ಇಲ್ಲೋ?" ಎಂದಷ್ಟೇ ಕೇಳಿದರು.

ಡೊಂಬಿವಲಿ ದಾಟಿದ ಮೇಲೆ ಪಾರಸಿಕ ಸುರಂಗ. ನಮ್ಮ ಡಬ್ಬಿಯ ದೀಪ ಹತ್ತುತ್ತಿದ್ದದ್ದು ಅಪರೂಪ. ಇಂಗ್ಲಿಷಿಗೂ ಅಂಥದೊಂದು ಕತ್ತಲೆಯ ಕಾಲವಿತ್ತು. ರಾಜ, ನ್ಯಾಯಾಧೀಶ, ದೊಡ್ಡ ಜನ ಎಲ್ಲರೂ ಫ್ರೆಂಚ್ ಮಾತಾಡುತ್ತ ಕೂತಿದ್ದ ಕಾಲ. ಇಂಗ್ಲಿಷು ಬಡವರ ಬಾಯಲ್ಲಿ ನಿಂತೇ ಪ್ರಯಾಣ ಮಾಡಿತು. ಕಲ್ಯಾಣದಲ್ಲಿ ಹತ್ತುವಾಗ ಅದರ ಹತ್ತಿರ ನಮ್ಮ ಕನ್ನಡದಂತೆಯೇ ಮನೆಯಿಂದ, ಮನೆಗೆ ಎನ್ನುವ ಥರದ ಬಾಲಗಳು ಸಾಕಷ್ಟಿದ್ದವು. ಜಗ್ಗಾಟದಲ್ಲಿ ಒಂದೊಂದೇ ಸಡಿಲವಾಗಿ, ಸುರಂಗದಿಂದ ಹೊರಬಂದಾಗ ಎಲ್ಲೋ ಒಂದೆರಡು ಉಳಿದಿದ್ದವು. ಸುರಂಗದಲ್ಲಿ ಕೊಡೆ ಕಳೆದುಕೊಂಡಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಥಾಣೆ ಬರುವಷ್ಟರಲ್ಲಿ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ಬರುತ್ತಿತ್ತು. ನಾವು ಇಳಿಯುತ್ತಿದ್ದೆವು.

ನಡುವೆ ವಾಶಿಯ ಸಂಗತಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮರೆಯುತ್ತೇನೆ. ಇದು ಕೆಲವು ವರ್ಷಗಳ ನಂತರದ್ದು. ಸರ್ ವಾಶಿಯಲ್ಲಿ ಒಂದು ಶಾಖೆ ತೆರೆದರು. ಅಲ್ಲಿಗೆ ಆಗ ಲೋಕಲ್ ಗಾಡಿಯೇ ಇರಲಿಲ್ಲ, ನನ್ನ ಪಾಠಕ್ಕೆ ಹಳಿಯೇ ಇಲ್ಲ. ಬಸ್ಸನ್ನು ನೆಚ್ಚಿಕೊಳ್ಳಬೇಕಾಯಿತು. ಆದರೆ ಇಂಗ್ಲಿಷ್ ಸ್ವರಗಳು ಸಾಲಾಗಿ ಜಾಗ ಬದಲಿಸಿದ ಕಥೆ ಬಸ್ಸಿನಲ್ಲೇ ಚೆನ್ನಾಗಿ ಕೂತಿತು. ಕಂಡಕ್ಟರು "ಪುಢೇ ಚಲಾ" ಎಂದು ಕೂಗಿದಾಗ ಎಲ್ಲರೂ ಒಂದೊಂದು ಹೆಜ್ಜೆ ಮುಂದೆ ಸರಿಯುತ್ತಾರೆ. ಎಲ್ಲಕ್ಕಿಂತ ಮುಂದಿದ್ದವರಿಗೆ ಜಾಗವಿಲ್ಲದೆ ಒಂದು ಕಾಲು ಒಳಗೆ, ಒಂದು ಕಾಲು ಫುಟ್‌ಬೋರ್ಡಿನಲ್ಲಿ. ಹಾಗೆ ಒಂದೇ ಸ್ವರ ಎರಡಾಗಿ ಒಡೆಯಿತು. ಇಂಗ್ಲೆಂಡಿನ ಆ ಕಂಡಕ್ಟರು ಯಾರು ಎಂದು ಒಬ್ಬ ಹುಡುಗ ಕೇಳಿದ. ಪಂಡಿತರೂ ಇನ್ನೂ ಅದನ್ನೇ ಹುಡುಕುತ್ತಿದ್ದಾರೆ.

ವಾಸಂತಿಯ ಪರೀಕ್ಷೆಗೆ ಬರುತ್ತೇನೆ. ಪೇಪರು ಮುಗಿಸಿ ಅವಳು ಕಾಲೇಜಿನ ಗೇಟಿನಿಂದ ನಗುತ್ತ ಹೊರಬಂದಳು. ಹಿಂದಿನ ಎರಡು ಸಲ ಅಳುತ್ತ ಬಂದಿದ್ದಳಂತೆ.

"ಆನ್ಸರ್ ಬುಕ್ ಫುಲ್ ಆಯ್ತು ಟೀಚರ್. ಸಪ್ಲಿಮೆಂಟ್ ತಕ್ಕೊಂಡೆ."

"ಏನು ಬರದಿ?"

"ನೀವು ಹೇಳಿದ್ದೇ. ವೈಕಿಂಗರು ಡೊಂಬಿವಲಿಯಲ್ಲಿ ಹತ್ತಿದ್ರು, ನಾರ್ಮನ್ನರು ಎರಡನೇ ಬಾಗಿಲಿನಿಂದ ಬಂದು ಕಿಟಕಿ ಹಿಡಿದ್ರು..."

ಅವಳ ಕೈಯ ಪ್ರಶ್ನೆಪತ್ರಿಕೆ ಕಸಿದುಕೊಂಡೆ. "ಡೊಂಬಿವಲಿ ಅಂತ ಬರದೀಯಾ? ಇಂಗ್ಲಿಷಿನ್ಯಾಗ?"

"ಮತ್ತೆ? ಎಲ್ಲಿ ಹತ್ತಿದ್ದು ಅವರು?"

ಅವಳ ಹಿಂದೆಯೇ ಬಂದ ಉಳಿದ ಮೂವರ ಮುಖದಲ್ಲೂ ಅದೇ ನಗು. ಅವರೂ ಡೊಂಬಿವಲಿಯನ್ನೇ ಬರೆದಿದ್ದರು. ಉದಾಹರಣೆಗೆಂದು ಹೇಳಿದ್ದನ್ನು ಪರೀಕ್ಷೆಯಲ್ಲಿ ಬರೆಯಬಾರದು ಎಂದು ನಾನು ಒಂದು ದಿನವೂ ಹೇಳಿರಲಿಲ್ಲ. ಅಷ್ಟು ಗೊತ್ತಿರುತ್ತದೆ ಎಂದುಕೊಂಡಿದ್ದೆ. ಮಾಸ್ತರಿಕೆಗೆ ಬರುವವರು ಇದೊಂದನ್ನು ನೆನಪಿಡಬೇಕು: ಅಷ್ಟು ಗೊತ್ತಿರುವುದಿಲ್ಲ.

ಮೂರು ವಾರದ ನಂತರ ಕಾಗದ ಬಂತು. ನಾಲ್ವರು ಅಭ್ಯರ್ಥಿಗಳ ಉತ್ತರಗಳಲ್ಲಿ ಅಸಾಧಾರಣ ಸಾಮ್ಯ ಕಂಡಿದೆ, ಸಾಮೂಹಿಕ ನಕಲಿನ ಸಂಶಯವಿದೆ, ಫಲಿತಾಂಶ ತಡೆಹಿಡಿದಿದೆ, ವಿಚಾರಣೆಗೆ ಬರಬೇಕು. ಪ್ರಧಾನ ಸರ್ ಓದಿ ಬೆವರಿದರು. ತಮ್ಮ ನೋಟ್ಸಿನಲ್ಲಿ ಡೊಂಬಿವಲಿ ಎಲ್ಲಿದೆ ಎಂದು ಮೂರು ಸಲ ತಿರುವಿಹಾಕಿದರು. ಅತ್ತ ಶಾಲೆಯವರು ವಾಸಂತಿಗೆ ಜೂನ್ ಮೊದಲ ವಾರದ ಗಡುವು ಹಾಕಿದ್ದರು. ನಕಲಿನ ಕಳಂಕ ಹತ್ತಿದರೆ ಆ ಶಾಲೆಯಷ್ಟೇ ಅಲ್ಲ, ಯಾವ ಶಾಲೆಯೂ ಅವಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಆ ವಾರ ನನಗೆ ಊಟ ಸೇರಲಿಲ್ಲ. ನನ್ನ ತಮಾಷೆಗೆ ಅವಳ ಅನ್ನ ಹೋಗುತ್ತದಲ್ಲ ಎಂಬ ನಾಚಿಕೆ ಎದೆಯಲ್ಲಿ ಕೂತುಬಿಟ್ಟಿತ್ತು. ಗಾಡಿಯಲ್ಲಿ ಪಾಠ ನಿಂತಿತು. ಸಾಠೆ ಬಾಯಿ ಕೂಡ ಗಾಡಿ ನಿಂತ ಮೇಲೆ ಹತ್ತತೊಡಗಿದರು.

ವಿಚಾರಣೆ ನಡೆಸಿದವರು ಉತ್ತರಗಳನ್ನು ತಿದ್ದಿದ್ದ ಪರೀಕ್ಷಕರೇ. ಬಡಕಲು ದೇಹದ ಹಿರಿಯ ಪ್ರಾಧ್ಯಾಪಕರು. ಹುಡುಗಿಯರ ಜೊತೆ ನಾನೂ ಪ್ರಧಾನ ಸರ್ ಕೂಡ ಹೋಗಿದ್ದೆವು. ನಾನು ಎದ್ದು ನಿಂತು, ತಪ್ಪು ನನ್ನದು, ಹುಡುಗಿಯರದಲ್ಲ ಎಂದು ಲೋಕಲ್ ಗಾಡಿಯ ಕಥೆಯನ್ನೆಲ್ಲ ಹೇಳಿದೆ. ಅವರು ಮುಖದ ಗೆರೆ ಅಲುಗದಂತೆ ಕೇಳಿದರು.

"ನಾನು ಇಪ್ಪತ್ತು ವರ್ಷದಿಂದ ಅಂಬರನಾಥದಿಂದ ಬರುವವನು. ನಿಮ್ಮ ಲೆಕ್ಕದಲ್ಲಿ ನಾನು ಕೆಲ್ಟ್," ಎಂದರು.

"ಹೌದು ಸರ್," ಎಂದಳು ವಾಸಂತಿ, ನಾನು ತಡೆಯುವ ಮೊದಲೇ. "ಮೂಲೆಗೆ ಒತ್ತಿಸಿಕೊಂಡವರು."

"ದಿನಾ," ಎಂದರು ಅವರು ನಿಟ್ಟುಸಿರಿಟ್ಟು. ಆಮೇಲೆ ಅವಳನ್ನು ಮುಂದೆ ಕರೆದು, ಬಾಯಿಪಾಠದ್ದಲ್ಲ, ಗಾಡಿಯದ್ದೂ ಅಲ್ಲ, ನಿಮ್ಮದೇ ಮಾತಿನಲ್ಲಿ ಹೇಳಿ ಎಂದರು. ಕೊಟ್ಟಿಗೆಯಲ್ಲಿದ್ದಾಗ ಪ್ರಾಣಿಗೆ ಶೀಪ್ ಎಂದು ಸ್ಯಾಕ್ಸನ್ ಹೆಸರು, ತಟ್ಟೆಗೆ ಬಂದ ಮೇಲೆ ಅದಕ್ಕೇ ಮಟನ್ ಎಂದು ಫ್ರೆಂಚ್ ಹೆಸರು, ಯಾಕೆ?

ಈ ಪ್ರಶ್ನೆಗೆ ನಾನು ಗಾಡಿಯಲ್ಲಿ ಏನೂ ಹೇಳಿರಲಿಲ್ಲ. ಬೆಳಗಿನ ಗಾಡಿಯಲ್ಲಿ ಮಾಂಸದ ಮಾತು ಬೇಡವೆಂದು ಬಿಟ್ಟಿದ್ದೆ. ವಾಸಂತಿ ಸೆರಗು ಸರಿಮಾಡಿಕೊಂಡಳು. ಹಿಂದಿ, ಇಂಗ್ಲಿಷು, ಮರಾಠಿ ಕಲಸಿ ಅವಳು ಹೇಳಿದ್ದು ಕನ್ನಡದಲ್ಲಿ ಹೀಗಾಗುತ್ತದೆ: "ಸರ್, ನಮ್ಮ ಹೋಟೆಲಿನಲ್ಲಿ ಅಡುಗೆಯವರೆಲ್ಲ ತುಳು ಮಾತಾಡುವವರು. ಅನ್ನ ಒಲೆ ಮೇಲಿರುವವರೆಗೆ ಅದು ನುಪ್ಪು. ಅದೇ ಟೇಬಲಿಗೆ ಹೋದ ಕೂಡಲೇ ರೈಸ್ ಪ್ಲೇಟ್. ಒಳಗೆ ನೀರ್, ಹೊರಗೆ ಪಾನಿ. ಬೇಯಿಸುವವನ ಭಾಷೆ ಬೇರೆ, ತಿನ್ನುವವನ ಭಾಷೆ ಬೇರೆ. ನಡುವೆ ಒಂದು ಬಾಗಿಲು ಉಂಟು, ಅಷ್ಟೇ. ಇಂಗ್ಲೆಂಡಿನಲ್ಲೂ ಹಾಗೇ ಇದ್ದಿರಬೇಕು."

ಪ್ರಾಧ್ಯಾಪಕರು ಕನ್ನಡಕ ತೆಗೆದು ಧೋತರದ ತುದಿಯಿಂದ ಒರೆಸಿಕೊಂಡರು. ಇದು ನಾನು ಕಲಿಸಿದ್ದಲ್ಲ, ಅವಳದೇ. ಅದು ನನಗೆ ನಾನು ಕಲಿಸಿದ್ದಕ್ಕಿಂತ ಹೆಚ್ಚು ಸಂತೋಷ ಕೊಟ್ಟಿತು.

"ಒಂದು ಸಂಶಯ ಉಳಿಯಿತು," ಎಂದರು ಅವರು. "ಅಚ್ಚಿನ ಯಂತ್ರ ಬಂದ ಮೇಲೆ ಇಂಗ್ಲಿಷ್ ಹೇಗೆ ಬೆಳೆಯಿತು ಎನ್ನುವ ಕೊನೆಯ ಪ್ರಶ್ನೆಯನ್ನು ನಾಲ್ವರೂ ಖಾಲಿ ಬಿಟ್ಟಿದ್ದೀರಿ. ಅಲ್ಲೇ ನನಗೆ ನಕಲಿನ ಅನುಮಾನ ಬಂದದ್ದು. ಖಾಲಿ ಕೂಡ ಒಂದೇ ಥರ ಹೇಗೆ?"

ವಾಸಂತಿ ನನ್ನತ್ತ ನೋಡಿ ತಲೆ ತಗ್ಗಿಸಿದಳು. "ಅದು ಗೊತ್ತಿಲ್ಲ ಸರ್. ಟೀಚರ್ ಥಾಣೆಯಲ್ಲಿ ಇಳೀತಾರೆ."

ಪ್ರಧಾನ ಸರ್ ಹಣೆಗೆ ಕೈ ಹಚ್ಚಿದರು. ನಿಜವಾಗಿಯೂ ಹಾಗೆಯೇ ಆಗಿತ್ತು. ಥಾಣೆಯಲ್ಲಿ ಇಳಿದು ಮಾಳಿಗೆ ಹತ್ತಿದ ಮೇಲೆ ನಾನು ವ್ಯಾಕರಣ, ಸಾರಾಂಶ ಎಂದು ಬೇರೇನೋ ಹೇಳುತ್ತಿದ್ದೆ. ಇತಿಹಾಸ ಗಾಡಿಯಲ್ಲೇ ಮುಗಿಯಿತೆಂದು ನಂಬಿದ್ದೆ. ಮುಂದಿನ ಐನೂರು ವರ್ಷಗಳ ಇಂಗ್ಲಿಷು ನನ್ನ ಪಾಲಿಗೆ ಥಾಣೆ ದಾಟಿ ಮುಲುಂಡಿನ ಕಡೆ ಹೊರಟುಹೋಗಿತ್ತು. ಪ್ರಾಧ್ಯಾಪಕರು ಮೊದಲ ಸಲ ನಕ್ಕರು. ಹಲ್ಲಿಲ್ಲದ ಬಾಯಿ ತೆರೆದು, ಭುಜ ಕುಣಿಸಿ, ಸಾಕಷ್ಟು ಹೊತ್ತು ನಕ್ಕರು. ನಕಲು ಅಲ್ಲ ಎಂದು ಅಲ್ಲೇ ಬರೆದು ಸಹಿ ಹಾಕಿದರು. ಹೊರಡುವಾಗ ನನ್ನನ್ನು ಕರೆದು ಮೆಲ್ಲಗೆ, "ಬಾಯಿ, ಪಾಸು ವಿ.ಟಿ.ವರೆಗೆ ಮಾಡಿಸಿ," ಎಂದರು. ವಿ.ಟಿ. ಎಂದರೆ ಗಾಡಿಯ ಕೊನೆಯ ಸ್ಟೇಶನ್.

ಜೂನ್ ಮೊದಲ ವಾರವೇ ಫಲಿತಾಂಶ ಬಂತು. ವಾಸಂತಿ ಪಾಸಾಗಲು ಎಷ್ಟು ಬೇಕೋ ಅಷ್ಟೇ ತೆಗೆದು ಪಾಸಾದಳು. ಶಾಲೆಯವರು ಅವಳನ್ನು ಕಾಯಂ ಮಾಡಿದರು. ಪ್ರಧಾನ ಸರ್ ತಮ್ಮ ನೋಟ್ಸಿನ ಹಿಂಬದಿಗೆ ರೈಲ್ವೆ ನಕಾಶೆ ಅಚ್ಚು ಹಾಕಿಸಿದರು. ಹನ್ನೊಂದನೇ ಪುಟ ಮಾತ್ರ ಹನ್ನೆರಡರ ಹಿಂದೆಯೇ ಉಳಿಯಿತು.

ಫಲಿತಾಂಶದ ಮರುದಿನ ಕಲ್ಯಾಣ ಪ್ಲಾಟ್‌ಫಾರ್ಮಿನಲ್ಲಿ ವಾಸಂತಿ ನಿಂತಿದ್ದಳು. ಕೈಯಲ್ಲಿ ಹೋಟೆಲಿನ ಮೈಸೂರುಪಾಕಿನ ಪೊಟ್ಟಣ. ಪರೀಕ್ಷೆ ಮುಗಿದಿತ್ತು, ಅವಳು ಥಾಣೆಗೆ ಬರಬೇಕಾದ ಕಾರಣವೇ ಇರಲಿಲ್ಲ. ಪೇಢೆ ಬದಲು ಪಾಕ ಎಂದು ಡಬ್ಬಿಯಲ್ಲೆಲ್ಲ ಹಂಚಿದಳು. ಅಂಬರನಾಥದವರಿಗೆ ಮೊದಲು ಕೊಟ್ಟಳು. ಡೊಂಬಿವಲಿಯಲ್ಲಿ ಸಾಠೆ ಬಾಯಿ ಮತ್ತೆ ಓಡುವ ಗಾಡಿಗೆ ಹಾರಿ ಬಂದು ಎರಡು ತುಂಡು ಎತ್ತಿಕೊಂಡರು. ಸುರಂಗ ದಾಟಿತು. ಥಾಣೆ ಬಂತು. ನಾನು ಚೀಲ ಹೆಗಲಿಗೇರಿಸಿ ಎದ್ದೆ. ವಾಸಂತಿ ನನ್ನ ಸೆರಗು ಹಿಡಿದಳು.

"ಇವತ್ತು ಇಳೀಬೇಡಿ ಟೀಚರ್."

"ಯಾಕ? ಕ್ಲಾಸ್ ಅದ. ಸರ್ ಕಾಯ್ತಿರ್ತಾರ."

"ಥಾಣೆ ಆದ ಮೇಲೆ ಎಂತಾಯ್ತು ಅಂತ ನನಗೆ ಇನ್ನೂ ಗೊತ್ತಿಲ್ಲ."

"ಪಾಸಾದ್ಯಲ್ಲ, ಇನ್ನ ಯಾತಕ್ಕ ಬೇಕದು?"

"ಪಾಸಾಗ್ಲಿಕ್ಕಲ್ಲ ಟೀಚರ್," ಎಂದಳು ವಾಸಂತಿ. "ಪಾಪ, ಅಷ್ಟು ಜನ ಹತ್ತಿದ್ದಾರೆ. ಎಲ್ಲಿ ಇಳಿದ್ರು ಅಂತ ನೋಡ್ಬೇಕಲ್ಲ."

ಬಾಗಿಲಿನಲ್ಲಿ ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ಸಾಠೆ ಬಾಯಿ ಬೆಂಚಿನ ತುದಿಗೆ ಸರಿದು, ಪಕ್ಕದಲ್ಲಿ ಒಂದು ಗೇಣು ಜಾಗ ಮಾಡಿ ಕೈಯಿಂದ ತಟ್ಟಿ ತೋರಿಸಿದರು. ನನ್ನ ಪಾಸು ಥಾಣೆಯವರೆಗೇ ಇತ್ತು. ಗಾಡಿ ಹೊರಟಿತು, ನಾನು ನಾಲ್ಕನೇ ಸೀಟಿನಲ್ಲಿ ಕೂತೆ.